ಹಡಗಿನವರ ಪ್ಯಾಕೇಜೋ, ನಮ್ಮದೇ ದೋಣಿಯೋ?

ಪ್ರಶ್ನೆ: ನಾನು ಜಮಖಂಡಿಯವಳು, ನಿವೃತ್ತ ಶಿಕ್ಷಕಿ. ಡಿಸೆಂಬರ್‌ನಲ್ಲಿ ನಮ್ಮ ಮನೆಯ 11 ಮಂದಿ ಮುಂಬೈಯಿಂದ ಕ್ರೂಸ್ ಹಡಗಿನಲ್ಲಿ ಹೊರಟಿದ್ದೇವೆ. ನಮ್ಮ ಅತ್ತೆಗೆ 80 ವರ್ಷ. ಮೊಮ್ಮಕ್ಕಳು ನಾಲ್ವರು. ಹಡಗು ಕೊಚ್ಚಿಯಲ್ಲಿ ಬೆಳಿಗ್ಗೆ 8ರಿಂದ ಸಂಜೆ 5ರವರೆಗೆ ನಿಲ್ಲುತ್ತದೆ. ಅಲ್ಲಿಂದ ಅಲೆಪ್ಪಿಯ ಹೌಸ್‌ಬೋಟ್ ತೋರಿಸಿ ತರಲು ಹಡಗಿನವರು ತಲೆಗೆ 4,200 ರೂಪಾಯಿ ಕೇಳುತ್ತಿದ್ದಾರೆ. ನಮ್ಮ ಅಳಿಯ ನೇರವಾಗಿ ಅಲೆಪ್ಪಿಗೆ ಫೋನ್ ಮಾಡಿದ. ಊಟ ಸೇರಿ ಇಡೀ ಬೋಟಿಗೆ 12,000, ಹೋಗಿಬರಲು ಟೆಂಪೊ ಟ್ರಾವೆಲರ್‌ಗೆ 6,500 ಎಂದರಂತೆ. "ಸುಮ್ನೆ ಹಡಗಿನವರಿಗೆ ಯಾಕ ರೊಕ್ಕ ಸುರೀತೀರಿ" ಎನ್ನುತ್ತಾನೆ ಅವನು. ನಮ್ಮ ಮನೆಯವರಿಗೆ ಹೆದರಿಕೆ. ಯಾವುದು ಸರಿ?

ಉತ್ತರ: ಅಕ್ಕೋರೇ, ಮೊದಲು ಅಳಿಯನ ಲೆಕ್ಕ ನೋಡೋಣ. ಹಡಗಿನವರ ದರದಲ್ಲಿ 11 ಮಂದಿಗೆ 46,200 ರೂಪಾಯಿ. ಅಳಿಯನ ದಾರಿಯಲ್ಲಿ 18,500. ನಡುವೆ 27,700 ರೂಪಾಯಿ ಅಂತರ. ಇದೇನು ಸಣ್ಣ ದುಡ್ಡಲ್ಲ. ಆ ಹುಡುಗ ಹೇಳಿದ್ದರಲ್ಲಿ ತಪ್ಪಿಲ್ಲ. ಹಡಗಿನವರು ಕೂರಿಸುವ ಬೋಟು ಬೇರೆ ಲೋಕದಿಂದ ಬರುವುದಿಲ್ಲ. ಅದೂ ಅಲೆಪ್ಪಿಯದೇ ಬೋಟು, ಅಲ್ಲಿಯವರದೇ ಅಡುಗೆ. ಹಡಗಿನ ಕಂಪನಿ ಆ ಊರಿನ ಏಜೆಂಟರಿಗೆ ಕೆಲಸ ಒಪ್ಪಿಸುತ್ತದೆ. ಏಜೆಂಟರು ಬಸ್ಸು, ಗೈಡು, ಬೋಟು ಗೊತ್ತು ಮಾಡುತ್ತಾರೆ. ಎರಡು ಕೈ ದಾಟುವಷ್ಟರಲ್ಲಿ ದರ ಏರಿರುತ್ತದೆ.

ಇಷ್ಟು ಗೊತ್ತಿದ್ದೂ ನಾನು ಹೇಳುವುದು ಇದು. ಅಲೆಪ್ಪಿಗೇ ಹೋಗಬೇಕು ಎಂದು ಮನಸ್ಸಿದ್ದರೆ ಹಡಗಿನವರ ಟಿಕೆಟ್ಟನ್ನೇ ತಗೊಳ್ಳಿ. ನೀರು, ದೋಣಿ, ತೆಂಗಿನ ಸಾಲು ಕಂಡರೆ ಸಾಕು ಎಂದರೆ ಅಲೆಪ್ಪಿಯನ್ನು ಬಿಡಿ, ಹಡಗಿನವರ ಪ್ಯಾಕೇಜನ್ನೂ ಬಿಡಿ. ಕೊಚ್ಚಿಯಲ್ಲೇ ನಿಮ್ಮದೇ ದೋಣಿ ಮಾಡಿಕೊಳ್ಳಿ. ನಾನಾಗಿದ್ದರೆ ಈ ಎರಡನೆಯದನ್ನೇ ಮಾಡುತ್ತಿದ್ದೆ. ಅಳಿಯ ಹೇಳುವ ದಾರಿ, ಅಂದರೆ ಸ್ವಂತ ಗಾಡಿಯಲ್ಲಿ ಅಲೆಪ್ಪಿಗೆ ಹೋಗಿ ಸ್ವಂತ ಬೋಟು ಹಿಡಿಯುವುದು, ಅದೊಂದು ಮಾತ್ರ ಬೇಡ.

ಕಾರಣ ಬೋಟಿನಲ್ಲಿಲ್ಲ, ಗಡಿಯಾರದಲ್ಲಿದೆ. ಹಡಗಿನವರಿಗೆ ಜಾಸ್ತಿ ಕೊಡುವ ಆ ದುಡ್ಡು "ನೀವು ಬರುವವರೆಗೂ ಕಾಯುತ್ತೇವೆ" ಎಂಬ ಮಾತಿಗೆ ಕೊಡುವ ಬೆಲೆ. ತನ್ನದೇ ಪ್ಯಾಕೇಜಿನ ಬಸ್ಸು ದಾರಿಯಲ್ಲಿ ಸಿಕ್ಕಿಬಿದ್ದರೆ ಹಡಗು ಕಾಯುತ್ತದೆ. ಗೈಡು ಫೋನಿನಲ್ಲಿ ಇರುತ್ತಾನೆ, ಹಡಗಿಗೂ ಸುದ್ದಿ ಹೋಗುತ್ತಿರುತ್ತದೆ. ಸ್ವಂತ ಗಾಡಿಯಲ್ಲಿ ಹೋದವರಿಗೆ ಕಾಯುವುದಿಲ್ಲ. ಇದು ಹಡಗಿನವರ ಸೊಕ್ಕು ಎಂದು ತಿಳಿಯಬೇಡಿ. ಬಂದರಿನಲ್ಲಿ ನಿಲ್ಲುವ ಜಾಗಕ್ಕೆ ಬಾಡಿಗೆ ಇದೆ, ಹೊತ್ತು ಗೊತ್ತಾಗಿದೆ. ಹೊರಡುವಾಗ ಬಂದರಿನ ಪೈಲಟ್ ಹಡಗು ಹತ್ತಿ ದಾರಿ ತೋರಿಸಬೇಕು. ಅವರಿಗೂ ಹೊತ್ತು ಕೊಟ್ಟಿರುತ್ತಾರೆ. ಮುಂದಿನ ಬಂದರಿನಲ್ಲಿ ಜಾಗ ಕಾದಿರುತ್ತದೆ. ಸಾವಿರಕ್ಕೂ ಹೆಚ್ಚು ಜನರನ್ನು ಹೊತ್ತ ಹಡಗು 11 ಮಂದಿಗಾಗಿ ಇದನ್ನೆಲ್ಲ ಕದಲಿಸುವುದಿಲ್ಲ.

ಹಿಂದೆ ಉಳಿದವರು ಮುಂದಿನ ಬಂದರಿಗೆ ತಮ್ಮ ಖರ್ಚಿನಲ್ಲಿ ಹೋಗಿ ಸೇರಬೇಕು. ನಿಮ್ಮ ಹಡಗಿನ ಮುಂದಿನ ನಿಲ್ದಾಣ ಲಕ್ಷದ್ವೀಪ ಆಗಿದ್ದರೆ ಅದೂ ಸುಲಭವಿಲ್ಲ. ಅಲ್ಲಿಗೆ ಹೋಗಲು ಹೊರಗಿನವರಿಗೆ ಪರ್ಮಿಟ್ ಬೇಕು, ಅದನ್ನು ಮಾಡಿಸಿರುವುದು ಹಡಗಿನ ಮೂಲಕ. ಬಟ್ಟೆಬರೆ ಕ್ಯಾಬಿನ್‌ನಲ್ಲಿ, ಅತ್ತೆಯವರ ಬಿಪಿ ಮಾತ್ರೆ ಕ್ಯಾಬಿನ್‌ನಲ್ಲಿ, ನೀವು ದಂಡೆಯ ಮೇಲೆ. 27,700 ರೂಪಾಯಿ ಉಳಿಸಿದ ಲೆಕ್ಕ ಆಗ ಎಲ್ಲಿ ಉಳಿಯುತ್ತದೆ?

ನಾನು ಇದನ್ನು ಕೇಳಿ ತಿಳಿದದ್ದಲ್ಲ, ಅನುಭವಿಸಿ ತಿಳಿದದ್ದು. ಕೆಲವು ವರ್ಷಗಳ ಹಿಂದೆ ಮುಧೋಳದ ಕಡೆಯ 14 ಮಂದಿಯನ್ನು ಇದೇ ಕೊಚ್ಚಿಯಿಂದ ಅಲೆಪ್ಪಿಗೆ ಸ್ವಂತ ಗಾಡಿಯಲ್ಲಿ ಕರೆದುಕೊಂಡು ಹೋಗಿದ್ದೆ. ಎಲ್ಲರೂ 4.30ಕ್ಕೆ ಹಡಗಿನೊಳಗೆ ಇರಬೇಕಿತ್ತು. ಬೋಟಿನಲ್ಲಿ ಊಟ ಮುಕ್ಕಾಲು ಗಂಟೆ ತಡವಾಯಿತು. ಒಂದು ಗಂಟೆಗೆ ಇಳಿಯಬೇಕಾದವರು ಪೌಣೆ ಎರಡಕ್ಕೆ ಇಳಿದೆವು. ಆಗಲೂ ನನಗೆ ಧೈರ್ಯವಿತ್ತು. ಅರೂರಿನ ಹತ್ತಿರ ಬರುವಾಗ ಹೆದ್ದಾರಿಯಲ್ಲಿ ಒಂದು ಲಾರಿ ಕೆಟ್ಟು ನಿಂತಿತ್ತು. ಒಂದು ಗಂಟೆ ಕದಲಲಿಲ್ಲ. ಹಿಂದಿನ ಸೀಟಿನಲ್ಲಿ ಒಬ್ಬ ಅಜ್ಜಿ ಕೊರಳ ಲಿಂಗ ಹಿಡಿದುಕೊಂಡು ಕಣ್ಣು ಮುಚ್ಚಿ ಕೂತಿದ್ದರು. ಯಾರೂ ಮಾತಾಡುತ್ತಿರಲಿಲ್ಲ. ಬಂದರಿನ ಗೇಟಿಗೆ ಬಂದಾಗ 4.20. ಅಲ್ಲಿ ಒಬ್ಬೊಬ್ಬರ ಗುರುತಿನ ಚೀಟಿ ನೋಡಿ ಬಿಡುತ್ತಾರೆ. ಒಬ್ಬರ ಆಧಾರ್ ಕಾರ್ಡು ಕ್ಯಾಬಿನ್‌ನಲ್ಲೇ ಉಳಿದಿತ್ತು. ಫೋನಿನಲ್ಲಿದ್ದ ಫೋಟೋ ತೋರಿಸಿ, ಹಡಗಿನ ಕಾರ್ಡು ತೋರಿಸಿ ಅವರನ್ನು ಒಳಗೆ ಬಿಡಿಸಿಕೊಂಡೆ. ಹಡಗಿನ ಏಣಿಯ ಹತ್ತಿರ ಮುಟ್ಟಿದಾಗ 4.36. ಏಣಿ ಎತ್ತಲು ಇಬ್ಬರು ಸಿಬ್ಬಂದಿ ಬಂದು ನಿಂತಿದ್ದರು. ಆ ಅಜ್ಜಿ ಚಪ್ಪಲಿ ಕೈಯಲ್ಲಿ ಹಿಡಿದು, ಸೀರೆಯ ನೆರಿಗೆ ಎತ್ತಿಕೊಂಡು ಏಣಿ ಹತ್ತಿದ್ದು ಇವತ್ತಿಗೂ ಕಣ್ಣಮುಂದೆ ಇದೆ. ಲಾರಿಯವನದೂ ತಪ್ಪಲ್ಲ, ಅಡುಗೆಯವನದೂ ಅಲ್ಲ. ಕೈಯಲ್ಲಿ ಹೆಚ್ಚುವರಿ ಹೊತ್ತು ಇಟ್ಟುಕೊಳ್ಳದೇ ಹೊರಟದ್ದು ನನ್ನ ತಪ್ಪು. ಅಂದಿನಿಂದ ನನ್ನದೊಂದು ಕಟ್ಟುನಿಟ್ಟು: ಹಡಗಿನವರು ಹೇಳಿದ ಹೊತ್ತಿಗೆ ಎರಡು ಗಂಟೆ ಮುಂಚೆಯೇ ಬಂದರಿನ ಗೇಟಿಗೆ ವಾಪಸ್ ಬಂದಿರಬೇಕು.

ಈಗ ನಿಮ್ಮ ದಿನಕ್ಕೆ ಈ ಲೆಕ್ಕ ಹಾಕಿ ನೋಡಿ. ಹಡಗು 8ಕ್ಕೆ ನಿಂತರೂ ಕೂಡಲೇ ಇಳಿಸುವುದಿಲ್ಲ. ವಯಸ್ಸಾದವರು, ಮಕ್ಕಳು ಎಲ್ಲರೂ ಇಳಿದು ಗೇಟಿನ ಹೊರಗೆ ಬರುವಷ್ಟರಲ್ಲಿ 9.15 ಅಂದುಕೊಳ್ಳಿ. ಅಲೆಪ್ಪಿ ಅಲ್ಲಿಂದ 55 ಕಿ.ಮೀ. ಆಸುಪಾಸು. ನಮ್ಮ ಜಮಖಂಡಿ-ವಿಜಯಪುರ ರಸ್ತೆಯಂತೆ ಬಯಲಿನ ದಾರಿ ಅಲ್ಲ ಅದು. ಊರಿಗೆ ಊರು ಅಂಟಿಕೊಂಡಿದೆ, ಹೆದ್ದಾರಿ ಅಗಲ ಮಾಡುವ ಕೆಲಸ ಬೇರೆ ವರ್ಷಗಟ್ಟಲೆ ನಡೆದಿದೆ. ಎರಡು ಗಂಟೆ ಹಿಡಿಯಿರಿ. 11.15ಕ್ಕೆ ಬೋಟು. 5ಕ್ಕೆ ಹೊರಡುವ ಹಡಗು 4.30ಕ್ಕೆ ಒಳಗಿರಿ ಅಂದರೆ, ನೀವು 2.30ಕ್ಕೆ ಗೇಟಿನಲ್ಲಿರಬೇಕು, 12.30ಕ್ಕೆ ಅಲೆಪ್ಪಿ ಬಿಡಬೇಕು. ನೀರಿನ ಮೇಲೆ ಉಳಿದದ್ದು ಒಂದೂಕಾಲು ಗಂಟೆ. ಅದಕ್ಕಾಗಿ ನಾಲ್ಕು ಗಂಟೆ ಗಾಡಿಯಲ್ಲಿ. 80 ವರ್ಷದವರನ್ನು ಇದಕ್ಕೆ ಕರೆದೊಯ್ಯಬೇಕಾ? ಹಡಗಿನವರ ಬಸ್ಸಿನಲ್ಲಿ ಹೋದರೂ ರಸ್ತೆ ಅಷ್ಟೇ ಉದ್ದ. ಹೆದರಿಕೆ ಒಂದು ಇರುವುದಿಲ್ಲ, ಅಷ್ಟೆ.

ಅಲೆಪ್ಪಿಯಲ್ಲಿ ಬೋಟು ತೇಲುವ ನೀರಿಗೆ ಹಿನ್ನೀರು ಎನ್ನುತ್ತಾರೆ. ಆ ಮಾತನ್ನು ಇಲ್ಲಿ ಬಿಡಿಸಿ ಹೇಳಬೇಕು. ನಮ್ಮ ಕಡೆ ಹಿನ್ನೀರು ಅಂದರೆ ಆಲಮಟ್ಟಿಯ ಹಿನ್ನೀರು. ಅಣೆಕಟ್ಟು ಕಟ್ಟಿದ ಮೇಲೆ ಹಿಂದಕ್ಕೆ ಸರಿದು ಹಳೇ ಬಾಗಲಕೋಟೆಯ ಓಣಿಗಳಿಗೆ ನುಗ್ಗಿದ ನೀರು. ಆ ಮಾತು ಕೇಳಿದರೇ ನಮ್ಮ ಹಿರಿಯರಿಗೆ ಕರುಳು ಚುರ್ ಎನ್ನುತ್ತದೆ. ಕೇರಳದ ಹಿನ್ನೀರು ಹಾಗಲ್ಲ. ಸಮುದ್ರಕ್ಕೆ ಅಂಟಿಕೊಂಡು ಉದ್ದಕ್ಕೆ ಮಲಗಿರುವ ಸರೋವರಗಳು, ಅವುಗಳಿಗೆ ಬಂದು ಸೇರುವ ನದಿಗಳು, ನಡುವಿನ ಕಾಲುವೆಗಳು. ಅಲ್ಲಿಯವರು ಕಾಯಲ್ ಎನ್ನುತ್ತಾರೆ. ಅಲೆಪ್ಪಿಯಲ್ಲಿ ಹೌಸ್‌ಬೋಟು ತೇಲುವುದು ವೆಂಬನಾಡ್ ಕಾಯಲ್‌ನಲ್ಲಿ. ಅದೇ ವೆಂಬನಾಡ್ ಉತ್ತರಕ್ಕೆ ಹರಡಿಕೊಂಡು ಬಂದು ಕೊಚ್ಚಿಯಲ್ಲಿ ಸಮುದ್ರ ಸೇರುತ್ತದೆ. ನಿಮ್ಮ ಹಡಗು ನಿಲ್ಲುವುದೇ ಆ ನೀರಿನ ಬಾಯಲ್ಲಿ. ನೀವು ಕಾಲಿಡುವ ವಿಲ್ಲಿಂಗ್ಡನ್ ದ್ವೀಪವನ್ನೂ ಬಂದರು ಆಳ ಮಾಡುವಾಗ ಎತ್ತಿದ ಹೂಳಿನಿಂದಲೇ ಬೆಳೆಸಿದ್ದಾರೆ. ಕಾಲ ಬುಡದಲ್ಲೇ ಇರುವ ನೀರನ್ನು ನೋಡಲು 55 ಕಿ.ಮೀ. ಯಾಕೆ ಹೋಗಬೇಕು, ಅಲ್ವಾ?

ಹಾಗಾಗಿ ನಾನು ಹೇಳುವ ದಿನ ಹೀಗಿದೆ. ಬೆಳಿಗ್ಗೆ ಗೇಟಿನ ಹೊರಗೆ ಒಂದು ಟ್ರಾವೆಲರ್ ಮಾಡಿಕೊಂಡು ಕುಂಬಳಂಗಿಗೆ ಹೋಗಿ. ಕೊಚ್ಚಿಯ ದಕ್ಷಿಣಕ್ಕೆ ಹತ್ತಿರದಲ್ಲೇ ಇರುವ ದ್ವೀಪದ ಹಳ್ಳಿ ಅದು, ಮಾದರಿ ಪ್ರವಾಸಿ ಗ್ರಾಮ ಎಂದು ಹೆಸರಾದದ್ದು. ಅಲ್ಲಿ ಕೋಲಿನಿಂದ ನೂಕುವ ಸಣ್ಣ ದೋಣಿಗಳು ಸಿಗುತ್ತವೆ. ಇಂಜಿನ್ ಸದ್ದಿಲ್ಲ, ಎರಡೂ ಕಡೆ ತೆಂಗು, ಮನೆಯ ಹಿತ್ತಲಿಗೇ ನೀರು. ತೆಂಗಿನ ನಾರಿನ ಹಗ್ಗ ಹೊಸೆಯುವುದನ್ನು ಮಕ್ಕಳು ಹತ್ತಿರದಿಂದ ನೋಡಬಹುದು. ಒಂದು ದೋಣಿಗೆ 11 ಮಂದಿ ಬೇಡ, ಎರಡೋ ಮೂರೋ ಮಾಡಿ. ಅತ್ತೆಯವರಿಗೆ ತಗ್ಗಿನ ದೋಣಿಗೆ ಇಳಿಯುವುದು ಕಷ್ಟವಾದರೆ ದಂಡೆಯ ನೆರಳಿನಲ್ಲಿ ಒಬ್ಬರು ಜೊತೆಗೆ ಕೂರಲಿ. ಅವರ ನೀರಿನ ಸವಾರಿ ಮಧ್ಯಾಹ್ನಕ್ಕೆ ಇದೆ.

ಮಧ್ಯಾಹ್ನ ಎರ್ನಾಕುಲಂ ಕಡೆಯ ಜೆಟ್ಟಿಗೆ ಬಂದು ಕೇರಳ ಸರ್ಕಾರದ ಜಲಸಾರಿಗೆ ಇಲಾಖೆಯ ಬೋಟು ಹತ್ತಿ. ಅಲ್ಲಿ ಅದು ನಮ್ಮ ಕೆಂಪು ಬಸ್ಸಿದ್ದಂತೆ. ಆಫೀಸಿಗೆ ಹೋಗುವವರು, ಶಾಲೆಯ ಮಕ್ಕಳು ಎಲ್ಲ ಅದರಲ್ಲೇ ಓಡಾಡುತ್ತಾರೆ. ಕೆಲವೇ ರೂಪಾಯಿಯ ಟಿಕೆಟ್ಟಿಗೆ ಇಡೀ ಬಂದರು ದಾಟಿಸಿ ಫೋರ್ಟ್ ಕೊಚ್ಚಿಗೆ ಬಿಡುತ್ತದೆ. 2023ರ ಏಪ್ರಿಲ್‌ನಿಂದ ವಾಟರ್ ಮೆಟ್ರೊ ಕೂಡ ಇದೆ. ಬ್ಯಾಟರಿಯ ಬೋಟು, ಒಳಗೆ ಎಸಿ. ಅದರ ಜೆಟ್ಟಿ ನೀರಿನ ಜೊತೆಗೇ ಏರಿಳಿಯುತ್ತದೆ. ಹಾಗಾಗಿ ಬೋಟಿನ ನೆಲಕ್ಕೂ ಜೆಟ್ಟಿಗೂ ಮೆಟ್ಟಿಲಿಲ್ಲ. ಮೊಣಕಾಲು ನೋವಿನವರಿಗೆ ಇದಕ್ಕಿಂತ ಒಳ್ಳೆಯದು ನಾನು ಬೇರೆ ಕಂಡಿಲ್ಲ. ಅತ್ತೆಯವರನ್ನು ಇದರಲ್ಲೇ ಕರೆದೊಯ್ಯಿರಿ, ಕಿಟಕಿಯ ಬದಿಗೆ ಕೂರಿಸಿ.

ಫೋರ್ಟ್ ಕೊಚ್ಚಿಯಲ್ಲಿ ಚೀನಾ ಬಲೆಗಳ ಹತ್ತಿರ ಅರ್ಧ ಗಂಟೆ ನಿಲ್ಲಿ. ನಮ್ಮ ಹಿರಿಯರು ಬಾವಿಯಿಂದ ನೀರೆತ್ತಲು ಏತ ಕಟ್ಟುತ್ತಿದ್ದರಲ್ಲ, ಅದೇ ಉಪಾಯ. ಒಂದು ತುದಿಗೆ ಹಗ್ಗದಲ್ಲಿ ಕಟ್ಟಿದ ದೊಡ್ಡ ಕಲ್ಲುಗಳು, ಇನ್ನೊಂದು ತುದಿಗೆ ಬಲೆ. ನಾಲ್ಕಾರು ಜನ ಸೇರಿ ಎಳೆದರೆ ಮನೆಯಷ್ಟು ದೊಡ್ಡ ಬಲೆ ಮೇಲೆ ಬರುತ್ತದೆ. ಹತ್ತಿರವೇ ಸೇಂಟ್ ಫ್ರಾನ್ಸಿಸ್ ಚರ್ಚ್. 1524ರಲ್ಲಿ ಸತ್ತ ವಾಸ್ಕೋ ಡ ಗಾಮನನ್ನು ಮೊದಲು ಹೂತದ್ದು ಅಲ್ಲೇ. ಮಟ್ಟಂಚೇರಿಯ ಯಹೂದಿ ಪ್ರಾರ್ಥನಾ ಮಂದಿರ 1568ರದು, ಆದರೆ ಶನಿವಾರ ಬಾಗಿಲು ಹಾಕಿರುತ್ತದೆ. ನಿಮ್ಮ ಹಡಗು ಯಾವ ವಾರ ನಿಲ್ಲುತ್ತದೆ ನೋಡಿಕೊಳ್ಳಿ. ಇಡೀ ದಿನ ನೀವು ಹಡಗಿನಿಂದ ಬಹಳ ದೂರ ಹೋಗಿರುವುದಿಲ್ಲ. ಏನೇ ತಡವಾದರೂ ಒಂದು ಆಟೊ ಹಿಡಿದರೆ ಗೇಟು ಮುಟ್ಟಬಹುದು. ನಿಮ್ಮ ಮನೆಯವರ ಹೆದರಿಕೆಗೆ ಮದ್ದು ಇದೇ.

ಇನ್ನು ದೋಣಿ ಆರಿಸುವುದು. ನನ್ನ ಮನಸ್ಸಿಗೆ ಎಲ್ಲಕ್ಕಿಂತ ಹತ್ತಿರವಾದ ವಿಷಯ ಇದು. ಕೃಷ್ಣಾ ದಂಡೆಯ ನಮ್ಮ ಅಜ್ಜಿಯ ಊರಲ್ಲಿ ಹೊಳೆ ದಾಟಿಸುವ ಒಬ್ಬ ಅಂಬಿಗರ ಮುದುಕ ಇದ್ದ. ಜನ ಹತ್ತುವ ಮೊದಲೇ ದಂಡೆಯ ಮೇಲೆ ನಿಂತವರನ್ನೆಲ್ಲ ಕಣ್ಣಲ್ಲೇ ತೂಗುತ್ತಿದ್ದ. "ನೀ ನಡುವ ಕುಂದ್ರ. ಆ ಚೀಲ ಕೆಳಗ ಇಡ. ನೀ ಈ ಕಡಿ ಬಾ." ಎಲ್ಲರೂ ಕೂತ ಮೇಲೆ ಬಗ್ಗಿ, ದೋಣಿಯ ಅಂಚಿಗೂ ನೀರಿಗೂ ನಡುವೆ ತನ್ನ ಕೈ ಬಿಚ್ಚಿ ಇಡುತ್ತಿದ್ದ. ಹೆಬ್ಬೆರಳು ಅಂಚಿಗೆ, ಕಿರುಬೆರಳು ನೀರಿಗೆ. ಒಂದು ಗೇಣು ಇದ್ದರೆ ಹುಟ್ಟು ಹಾಕುತ್ತಿದ್ದ. ಬೆರಳು ನೀರಿನಲ್ಲಿ ಮುಳುಗಿದರೆ ಇಬ್ಬರನ್ನು ಇಳಿಸುತ್ತಿದ್ದ. ಒಮ್ಮೆ ಊರ ಗೌಡರೇ ಇಳಿಯಬೇಕಾಯಿತು. ಗೌಡರು ಸಿಟ್ಟಾಗಲಿಲ್ಲ, ದಂಡೆಯ ಮೇಲೆ ಕೂತು ಮುಂದಿನ ಸರದಿ ಕಾದರು. ಎಲ್ಲಿಗೇ ಹೋಗಲಿ, ದೋಣಿ ಹತ್ತುವ ಮುಂಚೆ ನಾನು ಆ ಗೇಣನ್ನು ಹುಡುಕುತ್ತೇನೆ. ನೀವೂ ಹುಡುಕಿ.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ನಮ್ಮ ಕಡೆಯವರಿಗೆ ಹೊಳೆ ಗೊತ್ತು, ಸಮುದ್ರದ ನೀರು ಗೊತ್ತಿಲ್ಲ. ಹೊಳೆ ಒಂದೇ ಕಡೆ ಹರಿಯುತ್ತದೆ. ಸಮುದ್ರದ ಬಾಯಲ್ಲಿ ದಿನಕ್ಕೆ ಹಲವು ಬಾರಿ ನೀರು ದಿಕ್ಕು ಬದಲಿಸುತ್ತದೆ, ಅಲೆ ಅಡ್ಡ ಬರುತ್ತದೆ. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಮಂದಿ ಸತ್ತರು. ಸತ್ತವರಲ್ಲಿ ನಮ್ಮ ಉತ್ತರ ಕರ್ನಾಟಕದವರು, ಮಕ್ಕಳು ಇದ್ದರು. ಕೇರಳದ ತಾನೂರಿನಲ್ಲಿ 2023ರ ಮೇ 7ರಂದು 22 ಮಂದಿ ಸತ್ತರು. ಅದು ಮೀನು ಹಿಡಿಯುವ ದೋಣಿಯನ್ನು ತಿದ್ದಿ ಪ್ರವಾಸಿ ಬೋಟು ಮಾಡಿದ್ದು. ಮಿತಿ ಮೀರಿ ಜನ ತುಂಬಿದ್ದರು, ಹೊರಟದ್ದು ಕತ್ತಲಾಗುವ ಹೊತ್ತಿಗೆ. 2009ರ ಸೆಪ್ಟೆಂಬರ್ 30ರಂದು ತೇಕ್ಕಡಿಯಲ್ಲಿ ಎರಡಂತಸ್ತಿನ ಬೋಟು ಮಗುಚಿ 45 ಮಂದಿ ಹೋದರು. ಈ ಊರುಗಳ ಹೆಸರು ಹೇಳುವುದು ನಿಮ್ಮನ್ನು ಹೆದರಿಸಲಿಕ್ಕಲ್ಲ. ಜನ ಹೆಚ್ಚಾಗಿ, ಅದರಲ್ಲೂ ಮೇಲಿನ ಅಂತಸ್ತಿನಲ್ಲಿ ಹೆಚ್ಚಾಗಿ, ಎಲ್ಲರೂ ಒಂದೇ ಬದಿಗೆ ಬಂದರೆ ದೋಣಿ ವಾಲುತ್ತದೆ. ಒಮ್ಮೆ ವಾಲಿದ ದೋಣಿಯಲ್ಲಿ ಜನ ಇನ್ನೂ ಅದೇ ಬದಿಗೆ ಜಾರುತ್ತಾರೆ. ಹಾಗಾಗಿ ಎರಡಂತಸ್ತಿನ ಬೋಟಿನಲ್ಲಿ ನಾನು ಕೆಳಗೇ ಕೂರುತ್ತೇನೆ. ಮಕ್ಕಳನ್ನೂ ಕೆಳಗೇ ಕೂರಿಸಿ, ಡಾಲ್ಫಿನ್ ಬಂತು ಎಂದು ಎಲ್ಲರೂ ಒಂದೇ ಕಡೆ ಓಡಿದಾಗ ನೀವು ಕೂತಲ್ಲೇ ಇರಿ.

ಬೋಟಿನ ಮೈಮೇಲೆ ನೋಂದಣಿ ಸಂಖ್ಯೆ ಬರೆದಿರಬೇಕು. ಕೇರಳದ ಬೋಟಾದರೆ ಕೆಐವಿ ಎಂಬ ಮೂರು ಅಕ್ಷರಗಳಿಂದ ಶುರುವಾಗುತ್ತದೆ. ಎಷ್ಟು ಮಂದಿ ಕೂರಬಹುದು ಎಂಬುದೂ ಪರವಾನಗಿಯಲ್ಲಿ ಇರುತ್ತದೆ. ಕೇಳಿ. 2021ರಲ್ಲಿ ಒಳನಾಡಿನ ಜಲಸಾರಿಗೆಗೆ ಹೊಸ ಕಾಯ್ದೆ ಬಂದಿದೆ. ಇಂಜಿನ್ ಬೋಟಿಗೆ ನೋಂದಣಿ, ತಪಾಸಣೆ, ನಡೆಸುವವರಿಗೆ ಅರ್ಹತಾ ಪತ್ರ ಎಲ್ಲ ಅದರಲ್ಲಿ ಕಡ್ಡಾಯ. ಕೇರಳದಲ್ಲಿ ಬೋಟು ನಡೆಸುವವನನ್ನು ಸ್ರಾಂಕ್ ಎನ್ನುತ್ತಾರೆ, ಹಗ್ಗ ಹಿಡಿಯುವವನು ಲಸ್ಕರ್. "ಸ್ರಾಂಕ್ ಯಾರು?" ಎಂದು ಕೇಳಿದರೆ ಸಾಕು, ನಿಮಗೆ ವಿಷಯ ಗೊತ್ತಿದೆ ಎಂದು ಅವರಿಗೆ ತಿಳಿಯುತ್ತದೆ. ಕಾಗದ ತೋರಿಸಲು ಸಿಡಿಮಿಡಿ ಮಾಡುವವನ ಬೋಟು ಬೇಡ. ಪಕ್ಕದಲ್ಲೇ ಇನ್ನೊಂದು ಇರುತ್ತದೆ.

ಲೈಫ್ ಜಾಕೆಟ್ ಇದೆಯಾ ಎಂದು ಕೇಳಬೇಡಿ. "ಇದೆ" ಎಂದೇ ಹೇಳುತ್ತಾರೆ. ತೆಗೆದು ಕೊಡಿ ಎನ್ನಿ. ಹಗ್ಗ ಹಾಕಿ ಮೂಟೆ ಕಟ್ಟಿ ಸೀಟಿನ ಕೆಳಗೆ ತುರುಕಿದ್ದರೆ ಅವು ಯಾರ ಉಪಯೋಗಕ್ಕೂ ಅಲ್ಲ. ಕೈಯಲ್ಲಿ ಹಿಡಿದು ಒಳಗಿನ ಸ್ಪಂಜು ಒತ್ತಿ ನೋಡಿ. ಪುಡಿಪುಡಿ ಎನಿಸಿದರೆ, ಒದ್ದೆ ಭಾರ ಇದ್ದರೆ ವಾಪಸ್ ಕೊಡಿ. ಬಕಲ್ ಹಾಕಿ ಎಳೆದು ನೋಡಿ. ಮಕ್ಕಳದು ಬೇರೆ ಅಳತೆಯದೇ ಬೇಕು, ಕಾಲುಗಳ ನಡುವೆ ಬರುವ ಪಟ್ಟಿ ಇರಬೇಕು. ದೊಡ್ಡವರದನ್ನು ಮಗುವಿಗೆ ಹಾಕಿದರೆ ನೀರಿಗೆ ಬಿದ್ದ ಕೂಡಲೇ ಜಾಕೆಟ್ ಮೇಲೆ ಉಳಿದು ಮಗು ಕೆಳಗೆ ಜಾರುತ್ತದೆ. ನಾಲ್ಕು ಮಕ್ಕಳ ಅಳತೆಯದು ಇಲ್ಲ ಎಂದರೆ ಆ ಬೋಟು ಬೇಡವೇ ಬೇಡ. ಮುಂಬೈಯಲ್ಲಿ ಒಂದು ದಿನ ಮುಂಚೆ ಇಳಿದು ಗೇಟ್‌ವೇಯಿಂದ ಎಲಿಫೆಂಟಾಕ್ಕೆ ಹೋಗುವ ಯೋಚನೆ ಇದ್ದರೆ ಅಲ್ಲೂ ಇದೇ ಮಾತು. 2024ರ ಡಿಸೆಂಬರ್ 18ರಂದು ಅಲ್ಲಿಯ ಪ್ರವಾಸಿ ಬೋಟಿಗೆ ನೌಕಾಪಡೆಯ ಸ್ಪೀಡ್‌ಬೋಟ್ ಡಿಕ್ಕಿ ಹೊಡೆದು 15 ಮಂದಿ ಸತ್ತರು. ಸೆಕೆ ಆದರೂ ಜಾಕೆಟ್ ಹಾಕಿಕೊಂಡೇ ಕೂರಿ.

ದುಡ್ಡಿನ ಮಾತು ಎಲ್ಲ ದಂಡೆಯ ಮೇಲೇ ಮುಗಿಯಬೇಕು. ದರ ತಲೆಗಾ, ಬೋಟಿಗಾ? ಎಷ್ಟು ಗಂಟೆ? ಗಂಟೆ ಶುರುವಾಗುವುದು ಹತ್ತಿದಾಗಲಾ, ಹೊರಟಾಗಲಾ? ಇಳಿಯುವುದು ಇದೇ ಜೆಟ್ಟಿಗಾ? ಅದನ್ನೇ ಎರಡು ಸಾಲಿನಲ್ಲಿ ವಾಟ್ಸ್‌ಆ್ಯಪ್‌ಗೆ ಕಳಿಸಿ, ಅವರಿಂದ "ಓಕೆ" ತರಿಸಿಕೊಳ್ಳಿ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎಂಬ ನಮ್ಮ ಗಾದೆ ಅವರಿಗೂ ಬೇರೆ ಮಾತಲ್ಲಿ ಗೊತ್ತಿರುತ್ತದೆ. ಅದಕ್ಕೇ ಪೂರ್ತಿ ದುಡ್ಡು ಮುಂಚೆ ಕೇಳುತ್ತಾರೆ. ಅರ್ಧ ಹತ್ತುವಾಗ, ಅರ್ಧ ಇಳಿದ ಮೇಲೆ ಕೊಡಿ. ಬಹಳ ದರ ಇಳಿಸಲು ಹೋಗಬೇಡಿ. ತೀರ ಕಡಿಮೆಗೆ ಒಪ್ಪಿಕೊಂಡವನು ದಾರಿಯಲ್ಲಿ ಇನ್ನೊಂದು ಕುಟುಂಬವನ್ನು ಹತ್ತಿಸಿಕೊಂಡು ಸರಿ ಮಾಡಿಕೊಳ್ಳುತ್ತಾನೆ. ಆಗ ಆ ಗೇಣು ಎಲ್ಲಿ ಉಳಿಯಿತು? ಇನ್ನೊಂದು ವಿಷಯ, ಆ ನೀರಿನಲ್ಲಿ ಅಂತರಗಂಗೆ ಎಂಬ ತೇಲುವ ಕಳೆ ಜಾಸ್ತಿ. ಇಂಜಿನ್ನಿನ ಫ್ಯಾನಿಗೆ ಸುತ್ತಿಕೊಂಡರೆ ಬಿಡಿಸಲು ಹೊತ್ತಾಗುತ್ತದೆ. ಒಂದು ಗಂಟೆಯ ಸವಾರಿಗೆ ಒಂದೂವರೆ ಗಂಟೆ ಎತ್ತಿಡಿ.

ಇಷ್ಟೆಲ್ಲ ಓದಿದ ಮೇಲೂ ಮನೆಯಲ್ಲಿ ಎಲ್ಲರೂ ಅಲೆಪ್ಪಿಯೇ ಬೇಕು ಎಂದರೆ, ಹಡಗಿನವರ ಟಿಕೆಟ್ ತಗೊಳ್ಳುವ ಮುಂಚೆ ಅವರ ಕೌಂಟರ್‌ನಲ್ಲಿ ಕೇಳಿ. ನೀರಿನ ಮೇಲೆ ನಿಜಕ್ಕೂ ಎಷ್ಟು ಹೊತ್ತು? ದಾರಿಯಲ್ಲಿ ಅಂಗಡಿಗೆ ನಿಲ್ಲಿಸುತ್ತೀರಾ? ಬೋಟು ಹತ್ತಲು ಎಷ್ಟು ಮೆಟ್ಟಿಲು? ಸಸ್ಯಾಹಾರದ ಅಡುಗೆ ಬೇರೆ ಪಾತ್ರೆಯಲ್ಲಾ? ಮಕ್ಕಳಿಗೆ ದರ ಎಷ್ಟು? ಹಡಗಿನವರ ಪ್ಯಾಕೇಜು ಅಂದಮಾತ್ರಕ್ಕೆ ಬೋಟು ನೋಡದೇ ಹತ್ತಬೇಡಿ. ಟಿಕೆಟ್ಟಿನ ಹಿಂದಿನ ಸಣ್ಣ ಅಕ್ಷರಗಳಲ್ಲಿ, ಬೋಟು ನಡೆಸುವವರು ಬೇರೆ ಕಂಪನಿಯವರು, ಅಲ್ಲಿ ಆದದ್ದಕ್ಕೆ ನಾವು ಹೊಣೆಯಲ್ಲ ಎಂದು ಸಾಮಾನ್ಯವಾಗಿ ಬರೆದೇ ಇರುತ್ತಾರೆ. ಗೇಣು, ಜಾಕೆಟ್ಟು ಅಲ್ಲೂ ನಿಮ್ಮದೇ ಕೆಲಸ. ಆದರೆ ಹವಾಮಾನ ಕೆಟ್ಟು ಹಡಗು ಕೊಚ್ಚಿಗೆ ಹೋಗದೇ ಇದ್ದರೆ ಅವರ ಟಿಕೆಟ್ಟಿನ ದುಡ್ಡು ತಾನಾಗಿ ವಾಪಸ್ ಬರುತ್ತದೆ. ಅಳಿಯ ಅಲೆಪ್ಪಿಗೆ ಕಳಿಸುವ ಮುಂಗಡ ಬರುವುದು ಆ ಬೋಟಿನವರ ಮನಸ್ಸಿದ್ದಂತೆ.

ಬೇರೆ ಬಂದರುಗಳ ಮಾತು ಬೇಗ ಮುಗಿಸುತ್ತೇನೆ. ಗೋವಾದಲ್ಲಿ ಹಡಗು ನಿಲ್ಲುವುದು ಮೊರ್ಮುಗಾವ್‌ನಲ್ಲಿ, ವಾಸ್ಕೋ ಹತ್ತಿರ. ಬೆಳಗಾವಿಯಿಂದ ಚೋರ್ಲಾ ಘಾಟು ಇಳಿದರೆ ಸಿಗುವ ಊರು, ಇನ್ನೊಮ್ಮೆ ಆರಾಮಾಗಿ ಹೋಗಬಹುದು. ಅಲ್ಲಿ ದೋಣಿಗೆ ಖರ್ಚು ಮಾಡುವುದು ಬೇಡ. ಲಕ್ಷದ್ವೀಪದಲ್ಲಿ ಸ್ವಂತ ದೋಣಿಯ ಪ್ರಶ್ನೆಯೇ ಇಲ್ಲ. ಸುತ್ತ ಹವಳದ ದಿಬ್ಬ, ಒಳಗೆ ಆಳವಿಲ್ಲದ ನೀರು. ಹಡಗು ಹೊರಗೆ ಆಳದಲ್ಲಿ ನಿಲ್ಲುತ್ತದೆ, ಸಣ್ಣ ಬೋಟುಗಳಲ್ಲಿ ದಂಡೆಗೆ ಇಳಿಸುತ್ತಾರೆ. ಅಲೆಯ ಮೇಲೆ ಕುಣಿಯುವ ಬೋಟಿಗೆ ಹಡಗಿನಿಂದ ಇಳಿಯುವುದು ಅತ್ತೆಯವರಿಗೆ ಆಗುತ್ತದೆಯೇ ಎಂದು ಈಗಲೇ ಯೋಚಿಸಿ. ಆಗದಿದ್ದರೆ ಅವರೊಂದಿಗೆ ಹಡಗಿನಲ್ಲಿ ಯಾರು ಉಳಿಯುತ್ತೀರಿ ಎಂದು ಮನೆಯಲ್ಲೇ ಮಾತಾಡಿಕೊಂಡು ಹೊರಡಿ. ಅಲ್ಲಿ ಹೋಗಿ ಮುಖ ಮುಖ ನೋಡಿಕೊಳ್ಳುವುದು ಬೇಡ.

ಇಳಿಯುವ ದಿನ ಬೆಳಿಗ್ಗೆ ಕ್ಯಾಬಿನ್‌ಗೆ ಆ ದಿನದ ಕಾರ್ಯಕ್ರಮದ ಹಾಳೆ ಬರುತ್ತದೆ ಅಥವಾ ಹಡಗಿನ ಆ್ಯಪ್‌ನಲ್ಲಿ ಕಾಣುತ್ತದೆ. ಅದರಲ್ಲಿ ಒಳಗಿರಬೇಕಾದ ಹೊತ್ತು ಮತ್ತು ಬಂದರಿನ ಏಜೆಂಟರ ಫೋನ್ ನಂಬರ್ ಇರುತ್ತದೆ. ನಂಬರ್ ಕಾಣದಿದ್ದರೆ ಕೌಂಟರ್‌ನಲ್ಲಿ ಕೇಳಿ. ಎರಡನ್ನೂ ಮೂವರ ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಹನ್ನೊಂದೂ ಮಂದಿಯ ಆಧಾರ್ ಕಾರ್ಡು ಕೈಚೀಲದಲ್ಲಿರಲಿ, ಅತ್ತೆಯವರ ಎರಡು ದಿನದ ಮಾತ್ರೆಯೂ ಅದರಲ್ಲೇ ಇರಲಿ. ಅಳಿಯನಿಗೆ ಬೇಜಾರಾಗಬಾರದು. ಕೊಚ್ಚಿಯ ದೋಣಿಯ ಜವಾಬ್ದಾರಿ ಅವನಿಗೇ ಕೊಡಿ. ಫೋನ್ ಮಾಡಿ ದರ ಕೇಳುವುದು ಅವನಿಗೆ ಬರುತ್ತದೆ, ಕುಂಬಳಂಗಿಯ ನಾಲ್ಕು ಕಡೆ ವಿಚಾರಿಸಲಿ. ಮಕ್ಕಳ ಅಳತೆಯ ಜಾಕೆಟ್ ಇದೆಯೇ, ಅದರ ಫೋಟೋ ಕಳಿಸಿ ಎಂದು ಅವನೇ ಮೊದಲು ಕೇಳಲಿ.